ಮೀನು ಪೆಟ್ಟಿಗೆ ಥರ್ಮೋಕೋಲಿನಲ್ಲಿ ಕೈ ಎಸೆತದ ಆರ್‌ಸಿ ಗ್ಲೈಡರ್: 1 ಮೀಟರ್ ರೆಕ್ಕೆ ಸಾಕಾ?

ಬೇಣದ_ಮಾಣಿ, ಶಿರಸಿ

ಎಲ್ಲರಿಗೂ ನಮಸ್ಕಾರ. ಮಳೆ ಕಳೆದ ಮೇಲೆ ಹಾರಿಸುವ ಹಾಗೆ ಒಂದು ಆರ್‌ಸಿ (ರಿಮೋಟಿನಲ್ಲಿ ನಡೆಸುವ) ಗ್ಲೈಡರ್ ಕಟ್ಟಬೇಕು ಅಂತ ಇದ್ದೇನೆ. ಮೋಟಾರು ಬೇಡ. ರೆಕ್ಕೆಯ ತುದಿ ಹಿಡಿದು ಗಿರ್ರನೆ ಒಂದು ಸುತ್ತು ತಿರುಗಿ ಎಸೆಯುತ್ತಾರಲ್ಲ, ಆ ಜಾತಿಯದ್ದು. ಡಿಎಲ್‌ಜಿ ಅಂತಾರೆ.

ಇಂಟರ್ನೆಟ್ಟಿನಲ್ಲಿ ಸಿಕ್ಕ ನಕ್ಷೆಗಳೆಲ್ಲ 1.5 ಮೀಟರ್ ರೆಕ್ಕೆಯವು. ಬಾಲ್ಸಾ ಮರ ಬೆಂಗಳೂರಿಂದ ತರಿಸಬೇಕು, ಅದು ಬರುವಾಗ ಅರ್ಧ ಮುರಿದಿರುತ್ತದೆ. ಕಾರವಾರದಲ್ಲಿ ನಮ್ಮ ಭಾವ ಇದ್ದಾರೆ. ಮೀನು ತುಂಬುವ ಥರ್ಮೋಕೋಲ್ ಪೆಟ್ಟಿಗೆ ಎಷ್ಟು ಬೇಕಾದರೂ ಕೊಡಿಸುತ್ತೇನೆ ಅಂದಿದ್ದಾರೆ. ಅದರಲ್ಲಿ ರೆಕ್ಕೆ ಆಗುತ್ತದಾ? ಬಾಲಕ್ಕೆ ಹೋಗುವ ಉದ್ದನೆ ಕೋಲಿಗೆ, ಮನೆಯಲ್ಲಿ ಮುರಿದುಬಿದ್ದ ಕಾರ್ಬನ್ ಫೈಬರ್ ದೋಟಿಯ ತುಂಡು ಇದೆ, ಅಡಿಕೆ ಕೊಯ್ಯುವ ದೋಟಿ. ಅದನ್ನೇ ಹಾಕಿದರೆ ಹೇಗೆ?

ರಿಮೋಟ್ ಆರು ಚಾನೆಲ್‌ನದ್ದು ಇದೆ. ಹಾರಿಸುವುದಕ್ಕೆ ತೋಟದ ಮೇಲಿನ ಬೇಣ ಇದೆ. ಹುಲ್ಲು ಕೊಯ್ದ ಮೇಲೆ ಬಯಲೇ ಬಯಲು. ತಿಳಿದವರು ಹೇಳಿ.

ಕಾಳಿ_ದಂಡೆ, ಕಾರವಾರ

ಮಾಣಿ, 1.5 ಮೀಟರ್ ಮರೆತುಬಿಡು. ಅದು ಸ್ಪರ್ಧೆಯ ಅಳತೆ. ಎಫ್3ಕೆ ಅಂತ ಅಂತರರಾಷ್ಟ್ರೀಯ ವರ್ಗ ಇದೆ, ಅದರಲ್ಲಿ ರೆಕ್ಕೆ 1500 ಮಿ.ಮೀ. ದಾಟಬಾರದು, ತೂಕ 600 ಗ್ರಾಂ ದಾಟಬಾರದು ಅಂತ ನಿಯಮ. ಅದಕ್ಕೇ ಎಲ್ಲರೂ 1500ಕ್ಕೆ ತಂದು ನಿಲ್ಲಿಸುತ್ತಾರೆ. ಅವರ ವಿಮಾನ ಅಷ್ಟು ದೊಡ್ಡದಿದ್ದೂ 250 ಗ್ರಾಂ ಆಸುಪಾಸಿನಲ್ಲಿ ಇರುತ್ತದೆ. ಅಚ್ಚಿನಲ್ಲಿ ಕಾರ್ಬನ್ ಬಟ್ಟೆ ಹಾಕಿ, ವ್ಯಾಕ್ಯೂಮ್ ಎಳೆದು ಮಾಡಿದ ರೆಕ್ಕೆ ಅದು. ಥರ್ಮೋಕೋಲಿನಲ್ಲಿ ಆ ಉದ್ದ ಮಾಡಿದರೆ ಮೊದಲ ಎಸೆತಕ್ಕೇ ಮಡಚಿಕೊಳ್ಳುತ್ತದೆ.

ಯಾಕೆ ಅಂತ ಲೆಕ್ಕ ನೋಡು. ಎಸೆದ ವೇಗ ಸೆಕೆಂಡಿಗೆ 20 ಮೀಟರ್ ಅಂತ ಇಟ್ಟುಕೊ. ಗಾಳಿಯ ತಡೆ ಇಲ್ಲ ಅಂದುಕೊಂಡರೂ ಆ ವೇಗಕ್ಕೆ ಸಿಗುವ ಎತ್ತರ ಸುಮಾರು 20 ಮೀಟರ್. ತಡೆ ಸೇರಿದರೆ 15ಕ್ಕೆ ಇಳಿಯುತ್ತದೆ. ಈಗ ನಿನ್ನ ಭುಜದಿಂದ ವಿಮಾನದ ಹೊಟ್ಟೆಗೆ ದೂರ ಸುಮಾರು 1.2 ಮೀಟರ್. ಆ ವೃತ್ತದಲ್ಲಿ 20 ಮೀಟರ್ ವೇಗ ಅಂದರೆ ಗುರುತ್ವದ 34 ಪಟ್ಟು ಎಳೆತ. ವಿಮಾನ 180 ಗ್ರಾಂ ಇದ್ದರೆ ರೆಕ್ಕೆ ತುದಿಯ ಪೆಗ್ (ಎಸೆಯುವಾಗ ಬೆರಳಲ್ಲಿ ಹಿಡಿಯುವ ಕಡ್ಡಿ) ಮೇಲೆ ಬೀಳುವುದು 6 ಕಿಲೋ. ಬೆರಳ ತುದಿಯಲ್ಲಿ 6 ಕಿಲೋ! ಅದೂ ಒಂದೇ ರೆಕ್ಕೆಯ ಮೂಲಕ.

ಹಾಗಾಗಿ 1 ಮೀಟರ್ ಮಾಡು. ಬುಡದಲ್ಲಿ ಅಗಲ 170 ಮಿ.ಮೀ., ತುದಿಯಲ್ಲಿ 120. ರೆಕ್ಕೆಯ ಹರವು 14.5 ಚದರ ಡೆಸಿಮೀಟರ್ ಬರುತ್ತದೆ. ಒಟ್ಟು ತೂಕ 170 ಗ್ರಾಂ ಒಳಗೆ ಹಿಡಿ.

ಮೀನು ಪೆಟ್ಟಿಗೆ ಧಾರಾಳ ಆಗುತ್ತದೆ. ಹೊಸ ಪೆಟ್ಟಿಗೆ ತರಿಸು, ಬಳಸಿದ್ದು ಬೇಡ. ಎಷ್ಟು ತೊಳೆದರೂ ಕೊಯ್ಯುವ ಬಿಸಿ ತಂತಿ ತಾಗಿದ ಕೂಡಲೇ ಬಂಗಡೆಯ ವಾಸನೆ ಎದ್ದು ಬರುತ್ತದೆ, ನಿಮ್ಮ ಮನೆಯಲ್ಲಿ ಅದು ದೊಡ್ಡ ಗಲಾಟೆಯೇ ಆದೀತು.

ಬೇಣದ_ಮಾಣಿ, ಶಿರಸಿ

ಹ್ಹ ಹ್ಹ, ಅಣ್ಣ, ಅಮ್ಮ ಮೊದಲೇ ಹೇಳಿಬಿಟ್ಟಿದ್ದಾಳೆ, ಪೆಟ್ಟಿಗೆ ಅಂಗಳದ ಈಚೆ ಬರಬಾರದು ಅಂತ. ಕೊಟ್ಟಿಗೆಯ ಅಟ್ಟದಲ್ಲಿ ಕೆಲಸ. ದೋಟಿಯ ವಿಷಯ ಹೇಳಲಿಲ್ಲ ನೀವು.

ಘಟ್ಟದ_ಗಾಳಿ, ಸಿದ್ದಾಪುರ

ದೋಟಿ ತುಂಡು ನಾನು ತೂಗಿ ನೋಡಿದ್ದೇನೆ, ಆಗುವುದಿಲ್ಲ. ದೋಟಿ ಅಂದರೆ ಐವತ್ತು ಅಡಿ ಮೇಲೆ ಕತ್ತಿಯನ್ನೂ ಅಡಿಕೆ ಕೊನೆಯ ಎಳೆತವನ್ನೂ ತಾಳಬೇಕು, ಗೋಡೆ ದಪ್ಪ. ತೀರಾ ತುದಿಯ ತುಂಡು ಕೂಡ ನಮಗೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಭಾರ. ಬೂಮ್, ಅಂದರೆ ಬಾಲಕ್ಕೆ ಹೋಗುವ ಕೋಲು, 15-18 ಗ್ರಾಂ ಇದ್ದರೆ ಸರಿ.

ದೋಟಿ ಬೇರೆ ಕೆಲಸಕ್ಕೆ ಬೇಕು, ಇಟ್ಟುಕೊಳ್ಳಿ. ಗ್ಲೈಡರ್ ಅಡಿಕೆ ಮರದ ಹೆಡೆಯಲ್ಲಿ ಸಿಕ್ಕಿಕೊಂಡಾಗ ಇಳಿಸುವುದಕ್ಕೆ. ತುದಿಗೆ ಕತ್ತಿ ತೆಗೆದು ಬಟ್ಟೆ ಸುತ್ತಿದ ಕೊಕ್ಕೆ ಹಾಕಿ.

ತಂಗೂಸಿ, ಅಂಕೋಲಾ

ಬೂಮ್‌ಗೆ ನಮ್ಮ ಕಡೆ ಸುಲಭದ ದಾರಿ ಇದೆ. ಗಾಳ ಹಾಕುವ ಮಡಚುವ ಕೋಲು ಸಿಗುತ್ತದಲ್ಲ, ಒಂದರೊಳಗೊಂದು ಹೋಗುವಂಥದ್ದು. ಅದರ ಮೇಲಿನ ಟೊಳ್ಳು ತುಂಡುಗಳಲ್ಲಿ ಒಂದು. ಬುಡ 10 ಮಿ.ಮೀ., ತುದಿ 5-6 ಮಿ.ಮೀ., ಉದ್ದ 60-70 ಸೆಂ.ಮೀ. ತಾನಾಗಿಯೇ ಬಾಲದ ಕಡೆ ಸಣ್ಣಗಾಗುತ್ತಾ ಹೋಗುತ್ತದೆ, ನಮಗೆ ಬೇಕಾದ್ದೂ ಅದೇ.

ಎರಡು ಮಾತು. ಒಂದು, ಕಾರ್ಬನ್ ಕೋಲೇ ಆಗಬೇಕು. ಅಗ್ಗದ ಗ್ಲಾಸ್ ಫೈಬರ್ ಕೋಲು ಭಾರವೂ ಹೌದು, ಬಳುಕುವುದೂ ಹೌದು. ಎರಡು, ತೀರಾ ತುದಿಯ ತುಂಡು ಗಟ್ಟಿ ಕಡ್ಡಿ, ಅದು ಬೇಡ. ಅಂಗಡಿಯಲ್ಲೇ ಬುಡ ಹಿಡಿದು ತುದಿಯನ್ನು ತಿರುಚಿ ನೋಡಿ. ತಿರುಚಿದರೆ ತಿರುಗುವಂಥದ್ದು ಬಿಟ್ಟುಬಿಡಿ. ಮುರಿದ ಕೋಲು ಅಂಗಡಿಯವರ ಹತ್ತಿರ ಯಾವಾಗಲೂ ಬಿದ್ದಿರುತ್ತದೆ, ಕೇಳಿದರೆ ಸುಮ್ನೆ ಕೊಡುತ್ತಾರೆ.

ಕಾರ್ಬನ್ ಕೊಯ್ಯುವಾಗ ಬಾಯಿಗೆ ಮಾಸ್ಕ್, ಗರಗಸಕ್ಕೆ ನೀರು. ಆ ಪುಡಿ ಎದೆಗೆ ಒಳ್ಳೆಯದಲ್ಲ, ಕೈಗೆ ಚುಚ್ಚಿದರೆ ಎರಡು ದಿನ ಉರಿಯುತ್ತದೆ.

ಹಳೇ_ಕೆಡೆಟ್, ಕುಮಟಾ

ಎಲ್ಲ ಓದಿದೆ. ನಾನು ಎನ್‌ಸಿಸಿ ಏರ್ ವಿಂಗ್‌ನಲ್ಲಿ ಬಾಲ್ಸಾ ಕೆರೆದು ಬೆಳೆದವನು. ಬಾಲ್ಸಾ ಬ್ಲೇಡು, ಉಪ್ಪುಕಾಗದ, ತಾಳ್ಮೆ ಇಷ್ಟರಲ್ಲಿ ಮುಗಿಯುತ್ತದೆ. ಥರ್ಮೋಕೋಲ್ ಅಂದರೆ ಬಿಸಿ ತಂತಿ, ಹೊಗೆ, ಟೇಪು. ಅದು ವಿಮಾನದ ಹಾಗೆ ಕಾಣುವುದೂ ಇಲ್ಲ, ಪಾರ್ಸೆಲ್ ಹಾಗೆ ಕಾಣುತ್ತದೆ. ಮಾಣಿ, ಒಂದು ಸಲ ಬಾಲ್ಸಾ ತರಿಸಿ ನೋಡು.

ಕಾಳಿ_ದಂಡೆ, ಕಾರವಾರ

ಸರ್, ರಿಮೋಟ್ ಇಲ್ಲದ ಚಕ್ ಗ್ಲೈಡರ್‌ಗೆ ಬಾಲ್ಸಾಕ್ಕೆ ಮೀರಿದ್ದು ಇಲ್ಲ, ಒಪ್ಪಿದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಊರಿನ ಹವೆಯಲ್ಲಿ 1.5 ಮಿ.ಮೀ. ಬಾಲ್ಸಾ ಹಾಳೆ ಬೆಳಗ್ಗೆ ನೆಟ್ಟಗೆ, ಸಂಜೆ ಬಾಳೆಲೆ. ಥರ್ಮೋಕೋಲ್ ತೇವ ಕುಡಿಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ರೆಕ್ಕೆ ಥರ್ಮೋಕೋಲ್, ಬಾಲಕ್ಕೆ ಮಾತ್ರ ಬಾಲ್ಸಾ. ಅಷ್ಟು ಸಣ್ಣ ತುಂಡು ಬೆಂಗಳೂರಿಂದ ಮುರಿಯದೆ ಬರುತ್ತದೆ.

ಹಳೇ_ಕೆಡೆಟ್, ಕುಮಟಾ

ಬಾಲಕ್ಕಾದರೂ ಒಪ್ಪಿದೆಯಲ್ಲ, ಸಂತೋಷ. ಹಾಗಾದರೆ ಒಂದು ಮಾತು ಸೇರಿಸುತ್ತೇನೆ, ಇದು ಎಲ್ಲಕ್ಕಿಂತ ಮುಖ್ಯ. ಹೊಸಬರು ರೆಕ್ಕೆ ಹಗುರ ಮಾಡಲಿಕ್ಕೆ ಒದ್ದಾಡುತ್ತಾರೆ, ಬಾಲದ ಕಡೆ ಗಮನ ಕೊಡುವುದಿಲ್ಲ. ಸಮತೋಲದ ಬಿಂದುವಿನಿಂದ ಬಾಲ 55 ಸೆಂ.ಮೀ. ಹಿಂದೆ, ಮೂತಿಯ ಸೀಸ 20 ಸೆಂ.ಮೀ. ಮುಂದೆ. ಅಂದರೆ ಬಾಲದಲ್ಲಿ 1 ಗ್ರಾಂ ಜಾಸ್ತಿ ಆದರೆ ಮೂತಿಗೆ ಪೌಣೆ ಮೂರು ಗ್ರಾಂ ಸೀಸ. ಬಾಲದಲ್ಲಿ 6 ಗ್ರಾಂ ಎಪಾಕ್ಸಿ ಮೆತ್ತಿದರೆ ಮೂತಿಗೆ 16 ಗ್ರಾಂ, ಒಟ್ಟು 22 ಗ್ರಾಂ ಸುಮ್ಮನೆ ಹೋಯಿತು. ನಿನ್ನ 170 ಗ್ರಾಂ ಲೆಕ್ಕ ಅಲ್ಲೇ ಕೆಡುತ್ತದೆ.

ಹಾಗಾಗಿ ಬಾಲಕ್ಕೆ ಸರ್ವೋ (ರಿಮೋಟ್ ಹೇಳಿದ ಹಾಗೆ ಬಾಲದ ಪಟ್ಟಿ ಎಳೆಯುವ ಸಣ್ಣ ಯಂತ್ರ) ಕೂರಿಸಬೇಡ, ಗಟ್ಟಿ ತಂತಿಯ ಪುಶ್‌ರಾಡ್ ಬೇಡ. ಸರ್ವೋ ಎರಡೂ ಮೂತಿಯಲ್ಲಿ. ಅಲ್ಲಿಂದ ದಾರ.

ಬೇಣದ_ಮಾಣಿ, ಶಿರಸಿ

ದಾರ ಅಂದರೆ? ದಾರ ಎಳೆಯುತ್ತದೆ, ಸರಿ. ವಾಪಸು ತಳ್ಳುವುದು ಯಾರು?

ತಂಗೂಸಿ, ಅಂಕೋಲಾ

ಸ್ಪ್ರಿಂಗ್ ತಮ್ಮಾ. 0.3 ಮಿ.ಮೀ. ಉಕ್ಕಿನ ತಂತಿ ತೆಗೆದುಕೊ, ಗಿಟಾರಿನ ತೀರಾ ಸಣ್ಣ ತಂತಿಯೂ ನಡೆಯುತ್ತದೆ. ಚೌಕದ ಮೂರು ಬದಿಯ ಹಾಗೆ ಬಗ್ಗಿಸಿ, ಎರಡು ಕಾಲುಗಳನ್ನು ಸ್ವಲ್ಪ ತಿರುಚು. ಒಂದು ಕಾಲು ಅಲುಗಾಡದ ಭಾಗದೊಳಗೆ, ಇನ್ನೊಂದು ಎಲಿವೇಟರ್ ಒಳಗೆ, ಅಂದರೆ ಮೂತಿ ಮೇಲೆ ಕೆಳಗೆ ಮಾಡುವ, ಅಡ್ಡ ಬಾಲದ ಅಲುಗಾಡುವ ಪಟ್ಟಿಯೊಳಗೆ. ಅದು ಎಲಿವೇಟರನ್ನು ಯಾವಾಗಲೂ ಕೆಳಗೆ ಒತ್ತುತ್ತಾ ಇರುತ್ತದೆ. ದಾರ ಎಳೆದರೆ ಮೇಲೆ ಬರುತ್ತದೆ, ಸಡಿಲ ಬಿಟ್ಟರೆ ಸ್ಪ್ರಿಂಗ್ ತಾನೇ ಕೆಳಗೆ ತರುತ್ತದೆ. ಎಡ ಬಲ ತಿರುಗಿಸುವ ರಡ್ಡರ್‌ಗೂ ಹೀಗೇ. ಎರಡು ದಾರ, ಎರಡು ಸ್ಪ್ರಿಂಗ್, ಒಂದು ಗ್ರಾಂ ಕೂಡ ಆಗುವುದಿಲ್ಲ.

ದಾರಕ್ಕೆ ಸಾದಾ ತಂಗೂಸಿ ಹಾಕಬೇಡ! ನನ್ನ ಹೆಸರೇ ತಂಗೂಸಿ, ಆದರೂ ಹೇಳುತ್ತಿದ್ದೇನೆ. ನೈಲಾನ್ ಎಳೆ ಹಿಗ್ಗುತ್ತದೆ, ಬಿಸಿಲಿಗೆ ಇನ್ನೂ ಜಾಸ್ತಿ. ಬೆಳಗ್ಗೆ ನೆಟ್ಟಗೆ ಹಾರುವ ಹಾಗೆ ಟ್ರಿಮ್ ಮಾಡಿದ್ದು ಮಧ್ಯಾಹ್ನ ಇರುವುದಿಲ್ಲ. ಹೆಣೆದ ಗಾಳದ ದಾರ ಬರುತ್ತದೆ, ಅದು ಹಿಗ್ಗುವುದಿಲ್ಲ, ಅದನ್ನೇ ಹಾಕು. ಬೂಮ್ ಒಳಗಿಂದಲೇ ದಾಟಿಸು. ಗಂಟಿಗೆ ಒಂದು ಹನಿ ಫೆವಿಕ್ವಿಕ್.

ಮೂತಿಯ ಭಾರಕ್ಕೆ ಬಲೆಗೆ ಕಟ್ಟುವ ಸೀಸ. ಸಣ್ಣ ಸಣ್ಣದು ಸಿಗುತ್ತದೆ, ಒಂದೊಂದೇ ಹಾಕಿ ಸರಿ ಮಾಡಬಹುದು.

ಸೋಲ್ಡರ್_ಅಕ್ಕ, ಹೊನ್ನಾವರ

ಫೆವಿಕ್ವಿಕ್ ಹೆಸರು ಬಂದದ್ದಕ್ಕೆ ಎಚ್ಚರಿಸುತ್ತೇನೆ. ಅದು ಥರ್ಮೋಕೋಲ್ ತಿಂದುಹಾಕುತ್ತದೆ. ಹಾಕಿದ ಜಾಗದಲ್ಲಿ ಗುಳಿ. ರೆಕ್ಕೆಗೆ ಫೆವಿಕಾಲ್ ಅಥವಾ ಎಪಾಕ್ಸಿ ಮಾತ್ರ. ಪೇಂಟು ಹೊಡೆಯುವಾಗ ಸ್ಪ್ರೇ ಡಬ್ಬಿಯೂ ಹಾಗೇ, ಕರಗಿಸುತ್ತದೆ.

ಈಗ ಕರೆಂಟಿನ ಕಡೆ. ಸರ್ವೋ 5 ಗ್ರಾಂ ತೂಕದ್ದು ಎರಡು. ಎಲ್ಲ ಕಡೆ ಸಿಗುವ ನೀಲಿ 9 ಗ್ರಾಂ ಸರ್ವೋ ಕೂಡ ನಡೆಯುತ್ತದೆ. ಮೂತಿಗೆ ಭಾರ ಹೇಗೂ ಬೇಕಲ್ಲ, ಆ ಸೀಸದ ಬದಲು ಸರ್ವೋ ಅಂದುಕೊಂಡರಾಯಿತು. ಆದರೆ ಅದರ ಪ್ಲಾಸ್ಟಿಕ್ ಗೇರಿಗೆ ಆಟ ಜಾಸ್ತಿ. ಸ್ಪ್ರಿಂಗ್ ಯಾವಾಗಲೂ ಒಂದೇ ಕಡೆ ಎಳೆಯುವುದರಿಂದ ಆ ಆಟ ಅರ್ಧ ಸರಿಹೋಗುತ್ತದೆ, ಅದೊಂದು ಲಾಭ.

ಬ್ಯಾಟರಿ. ಒಂದೇ ಸೆಲ್ಲಿನ ಲೈಪೋ 3.7 ವೋಲ್ಟ್. ತುಂಬ ರಿಸೀವರ್‌ಗಳು 4 ವೋಲ್ಟ್‌ಗಿಂತ ಕೆಳಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಎಸೆಯುವ ಗಳಿಗೆಯಲ್ಲಿ ಎರಡೂ ಸರ್ವೋ ಒಟ್ಟಿಗೆ ಎಳೆದರೆ ವೋಲ್ಟೇಜ್ ಕುಸಿದು ರಿಸೀವರ್ ರೀಸ್ಟಾರ್ಟ್ ಆಗುತ್ತದೆ. ಆಕಾಶದಲ್ಲಿ ರೀಸ್ಟಾರ್ಟ್ ಬೇಡ, ಅಲ್ವಾ? ಎರಡು ಸೆಲ್ಲಿನ ಸಣ್ಣ ಲೈಪೋ, ಅದಕ್ಕೆ 5 ವೋಲ್ಟಿನ ಸಣ್ಣ ರೆಗ್ಯುಲೇಟರ್. ಇದು ಸರಿಯಾದ ದಾರಿ. ಟಿವಿ ರಿಮೋಟಿಗೆ ಹಾಕುವ ಸೈಜಿನ ನಿಕಲ್ ರೀಚಾರ್ಜಬಲ್ ಸೆಲ್ ನಾಲ್ಕು ಹಾಕಿದರೆ 4.8 ವೋಲ್ಟ್, ತೊಂದರೆ ಕೊಡದ ಬ್ಯಾಟರಿ. ಆದರೆ ಒಂದೊಂದು 12 ಗ್ರಾಂ, ಒಟ್ಟು ಹತ್ತಿರ 50. ನಿಮ್ಮ 170ರ ಲೆಕ್ಕಕ್ಕೆ ಭಾರ.

ಇನ್ನೊಂದು, ತುಂಬ ಜನ ಬಿಡುವುದು ಇಲ್ಲೇ. ಕಾರ್ಬನ್ ವಿದ್ಯುತ್ ಹರಿಸುತ್ತದೆ, ರೇಡಿಯೋ ಅಲೆ ತಡೆಯುತ್ತದೆ. ರಿಸೀವರ್‌ನ ಆಂಟೆನಾ ಕಾರ್ಬನ್ ಬೂಮ್ ಒಳಗೆ ತುರುಕಬೇಡಿ. ತುದಿಯ 31 ಮಿ.ಮೀ. ಬರಿಯ ತಂತಿ ಇದೆಯಲ್ಲ, 2.4 ಗಿಗಾಹರ್ಟ್ಜ್ ಅಲೆಯ ಕಾಲು ಭಾಗ ಅದು, ನಿಜವಾದ ಆಂಟೆನಾ ಅಷ್ಟೇ. ಅದು ಹೊರಗೆ ಇರಬೇಕು. ಎರಡು ಇದ್ದರೆ ಒಂದಕ್ಕೊಂದು ಲಂಬವಾಗಿ.

ನೆಟ್ಟಗೆ_ಹಾರು, ಕಾರವಾರ

ನಾನೂ ಕಟ್ಟುತ್ತಿದ್ದೇನೆ. ಟಾಗೋರ್ ಬೀಚಿನಲ್ಲಿ ಹಾರಿಸಬಹುದಾ? ಮರಳು ಮೆತ್ತಗೆ, ಮರ ಇಲ್ಲ. ಬಿದ್ದರೂ ಏನೂ ಆಗುವುದಿಲ್ಲ.

ಕಾಳಿ_ದಂಡೆ, ಕಾರವಾರ

ಮೊದಲು ನಕ್ಷೆ ನೋಡು, ಆಮೇಲೆ ಮರಳು. ನಮ್ಮ ತಾಲೂಕು ಬೇರೆ ಊರಿನ ಹಾಗಲ್ಲ. ಅರ್ಗಾದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ, ಆ ಕಡೆ ಕೈಗಾ ಅಣು ಸ್ಥಾವರ, ಬೈತಖೋಲದಲ್ಲಿ ಬಂದರು. 2021ರ ಡ್ರೋನ್ ನಿಯಮದಲ್ಲಿ ಕೆಂಪು, ಹಳದಿ, ಹಸಿರು ಅಂತ ವಲಯ ಮಾಡಿದ್ದಾರೆ. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಕಾಣುತ್ತದೆ. ಕೆಂಪಿನಲ್ಲಿ ಕೇಂದ್ರ ಸರಕಾರದ ಅನುಮತಿ ಇಲ್ಲದೆ ಏನೂ ಹಾರಿಸುವ ಹಾಗಿಲ್ಲ. 250 ಗ್ರಾಂ ಒಳಗಿನದ್ದು ನ್ಯಾನೋ, ಅದಕ್ಕೆ ಪೈಲಟ್ ಲೈಸೆನ್ಸ್ ಬೇಡ. ಆದರೆ ಕೆಂಪು ವಲಯಕ್ಕೆ ನ್ಯಾನೋ ಅಂತ ವಿನಾಯಿತಿ ಇಲ್ಲ.

“ನಮ್ಮದು ಡ್ರೋನ್ ಅಲ್ಲ, ಮೋಟಾರೇ ಇಲ್ಲ” ಅಂತ ಪೊಲೀಸರ ಹತ್ತಿರ ವಾದ ಮಾಡುವವರನ್ನು ನೋಡಿದ್ದೇನೆ. ದೂರದಿಂದ ರಿಮೋಟಿನಲ್ಲಿ ನಡೆಸುವ, ಒಳಗೆ ಪೈಲಟ್ ಇಲ್ಲದ ವಿಮಾನ ಅಂದರೆ ನಿಯಮದ ಒಳಗೇ ಬಂತು. ಮೋಟಾರಿನ ಪ್ರಶ್ನೆ ಏಳುವುದೇ ಇಲ್ಲ. ನಾನಂತೂ ಕಾರವಾರ ಪೇಟೆಯಲ್ಲಿ ಹಾರಿಸುವುದಿಲ್ಲ. ಮನೆ ಇಲ್ಲಿ, ಆಟ ಘಟ್ಟದ ಮೇಲೆ.

ಘಟ್ಟದ_ಗಾಳಿ, ಸಿದ್ದಾಪುರ

ಅನುಮತಿ ಒಂದು ಕಡೆ ಇರಲಿ, ಬೀಚಿನ ಗಾಳಿಯೇ ಇದಕ್ಕೆ ಹೇಳಿಸಿದ್ದಲ್ಲ. ಕಾಳಿ ಅಣ್ಣ ಕೊಟ್ಟ ಅಳತೆಗೆ 170 ಗ್ರಾಂ ಅಂದರೆ, ಇದು ಬೀಳದೆ ನಿಲ್ಲುವ ಕನಿಷ್ಠ ವೇಗ ಸೆಕೆಂಡಿಗೆ 5 ಮೀಟರ್ ಹತ್ತಿರ, ಗಂಟೆಗೆ 18 ಕಿ.ಮೀ. ಮಧ್ಯಾಹ್ನ ಎರಡು ಗಂಟೆಗೆ ಕರಾವಳಿಯ ಕಡಲಗಾಳಿಯೂ ಎಷ್ಟೋ ದಿನ ಅಷ್ಟೇ ಜೋರು. ಗಾಳಿಗೆ ಎದುರು ಹಾರಿಸಿದರೆ ವಿಮಾನ ಇದ್ದಲ್ಲೇ ಇರುತ್ತದೆ. ತಿರುಗಿಸಿದರೆ ಕಾಳಿ ಸೇತುವೆ ತನಕ ಓಡಬೇಕು. ಕಡಲಿಂದ ಬರುವ ಗಾಳಿಗೆ ವಿಮಾನವನ್ನು ಮೇಲೆತ್ತುವ ಬಿಸಿಗಾಳಿಯ ಗುಳ್ಳೆಯೂ ಕಡಿಮೆ, ನೀರಿನ ಮೇಲೆ ತಣ್ಣಗಾಗಿ ಬಂದಿರುತ್ತದೆ.

ಕರಾವಳಿಯವರು ಬೆಳಗ್ಗೆ ಏಳರಿಂದ ಒಂಬತ್ತೂವರೆ ಒಳಗೆ ಹಾರಿಸಿ. ರಾತ್ರಿಯ ಗುಡ್ಡದ ಗಾಳಿ ನಿಂತು ಕಡಲಗಾಳಿ ಎದ್ದಿರುವುದಿಲ್ಲ. ಟ್ರಿಮ್ ಮಾಡಲಿಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಘಟ್ಟದ ಮೇಲೆ ಲೆಕ್ಕ ಬೇರೆ. ಚಳಿಗಾಲದಲ್ಲಿ ಶಿರಸಿಯಲ್ಲಿ ಇಬ್ಬನಿ ಕರಗುವುದೇ ಒಂಬತ್ತಕ್ಕೆ. ಹನ್ನೊಂದರ ಮೇಲೆ ಬೇಣದ ಒಣ ಹುಲ್ಲು, ಕೆಂಪು ನೆಲ ಕಾಯುತ್ತದೆ, ಪಕ್ಕದ ತೋಟ ತಣ್ಣಗೇ ಇರುತ್ತದೆ. ಆ ಎರಡರ ಗಡಿಯಲ್ಲಿ ಬಿಸಿಗಾಳಿ ಕಿತ್ತುಕೊಂಡು ಮೇಲೇಳುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಜೋರು. ಹದ್ದು, ಗರುಡ ರೆಕ್ಕೆ ಬಡಿಯದೆ ಸುತ್ತುತ್ತಿದ್ದರೆ ಅದರ ಕೆಳಗೆ ಎಸೆ. ಹಕ್ಕಿ ಇಲ್ಲದಿದ್ದರೆ ನಿನ್ನ ಬೆನ್ನಿಗೆ ಬೀಸುತ್ತಿದ್ದ ಗಾಳಿ ಥಟ್ಟನೆ ನಿಂತು, ಮುಖದ ಕಡೆಯಿಂದ ಬೆಚ್ಚಗೆ ಬಂದರೆ ಗುಳ್ಳೆ ನಿನ್ನ ಹಿಂದೆ ಇದೆ ಅಂತ ಅರ್ಥ.

ಥರ್ಮಲ್, ಅಂದರೆ ಈ ಬಿಸಿಗಾಳಿಯ ಗುಳ್ಳೆ, ಇಲ್ಲದೆ 15 ಮೀಟರಿಂದ ಇದು ಸೆಕೆಂಡಿಗೆ ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿ ಇಳಿಯುತ್ತದೆ. ಅರ್ಧ ನಿಮಿಷ ಸಿಕ್ಕರೆ ಕಟ್ಟಿದ್ದು ಸರಿ ಇದೆ.

ಬೇಣದ_ಮಾಣಿ, ಶಿರಸಿ

ರೆಕ್ಕೆ ಕೊಯ್ಯುವ ಹಂತಕ್ಕೆ ಬಂದೆ. ರೆಕ್ಕೆಯ ಅಡ್ಡ ಆಕಾರ ಯಾವುದು ಹಾಕಲಿ? ತಂತಿಗೆ ಕರೆಂಟು ಹೇಗೆ?

ಸೋಲ್ಡರ್_ಅಕ್ಕ, ಹೊನ್ನಾವರ

ಕರೆಂಟು ಮೊದಲು, ಯಾಕೆಂದರೆ ಇಲ್ಲಿ ಜೀವದ ಪ್ರಶ್ನೆ. ಫ್ಯಾನಿನ ರೆಗ್ಯುಲೇಟರ್ ಹಾಕಿ ಮನೆ ಕರೆಂಟಿನಿಂದ ನೇರ ತಂತಿ ಬಿಸಿ ಮಾಡುವ ವಿಡಿಯೋಗಳಿವೆ. ಯಾವ ಕಾರಣಕ್ಕೂ ಬೇಡ. ತಂತಿ ಮುಟ್ಟಿದರೆ ಶಾಕ್, ಅಷ್ಟೇ. 12 ವೋಲ್ಟಿನ ಅಡಾಪ್ಟರ್ ಅಥವಾ ಬೈಕಿನ ಬ್ಯಾಟರಿ, ನೈಕ್ರೋಮ್ ತಂತಿ, ಮಧ್ಯೆ ಕರೆಂಟು ಕಡಿಮೆ ಜಾಸ್ತಿ ಮಾಡುವ ಡಿಸಿ ಮಾಡ್ಯೂಲ್ ಒಂದು. ತಂತಿ ಕೆಂಪಾಗಬಾರದು. ಕಪ್ಪಾಗಿಯೇ ಇದ್ದು ಥರ್ಮೋಕೋಲಿನಲ್ಲಿ ನಿಧಾನ ಜಾರಬೇಕು. ಕೊಯ್ದ ಮುಖದಲ್ಲಿ ಜೇಡರಬಲೆಯಂಥ ಸಣ್ಣ ಎಳೆ ಬಂದರೆ ಬಿಸಿ ಸರಿ ಇದೆ. ಹೊಗೆ ವಿಷ, ಅಟ್ಟದ ಒಳಗೆ ಬೇಡ, ಅಂಗಳದಲ್ಲಿ ಗಾಳಿಗೆ ಬೆನ್ನು ಹಾಕಿ ಮಾಡು.

ಕಾಳಿ_ದಂಡೆ, ಕಾರವಾರ

ಆಕಾರಕ್ಕೆ ಮಾರ್ಕ್ ಡ್ರೆಲಾ ಅವರ ಎಜಿ ಸರಣಿ ನೋಡು. ಎಂಐಟಿಯ ಪ್ರಾಧ್ಯಾಪಕರು. 1988ರಲ್ಲಿ ಕ್ರೀಟ್ ದ್ವೀಪದಿಂದ ಸ್ಯಾಂಟೊರಿನಿ ತನಕ ಪೆಡಲ್ ತುಳಿದೇ ಹಾರಿದ ಡೀಡಲಸ್ ವಿಮಾನದ ವಿನ್ಯಾಸದಲ್ಲಿ ಇದ್ದವರು. ಎಕ್ಸ್‌ಫಾಯಿಲ್ ಅಂತ ರೆಕ್ಕೆಯ ಆಕಾರ ಲೆಕ್ಕ ಹಾಕುವ ತಂತ್ರಾಂಶ ಬರೆದವರೂ ಅವರೇ. ಅಂಥವರು ಕೂತು ಕೈ ಎಸೆತದ ಗ್ಲೈಡರಿಗೆ ಅಂತಲೇ ಆಕಾರ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ, ಅದಕ್ಕೆ ನಾನು ಯಾವಾಗಲೂ ಕೈ ಮುಗಿಯುತ್ತೇನೆ.

ಆದರೆ ಎಜಿ ಆಕಾರಗಳು ತೆಳು, ಹಿಂದಿನ ಅಂಚು ಕಾಗದದ ಹಾಗೆ ಬರುತ್ತದೆ. ಪೆಟ್ಟಿಗೆ ಥರ್ಮೋಕೋಲಿನ ಮಣಿ ದೊಡ್ಡದು, ಅಲ್ಲಿ ಉದುರುತ್ತದೆ. ಮೊದಲ ರೆಕ್ಕೆಗೆ ತಳ ಹೆಚ್ಚುಕಡಿಮೆ ಚಪ್ಪಟೆ ಇರುವ, ಅಗಲದ 8% ದಪ್ಪದ ಆಕಾರ ಸಾಕು. ಹಿಂದಿನ ಅಂಚಿಗೆ 5 ಮಿ.ಮೀ. ಅಗಲದ ಬಾಲ್ಸಾ ಪಟ್ಟಿ ಅಂಟಿಸು.

ಆಕಾರದ ಅಚ್ಚಿಗೆ ಸನ್‌ಮೈಕಾ ತುಂಡು. ಬಡಗಿಗಳ ಹತ್ತಿರ ಚೂರು ಬೇಕಾದಷ್ಟು ಇರುತ್ತದೆ. ಅಂಚನ್ನು ಉಗುರಿನಲ್ಲಿ ಸವರಿ ನೋಡು, ಉಗುರು ತಡೆದರೆ ತಂತಿಯೂ ಅಲ್ಲೇ ತಡೆಯುತ್ತದೆ, ರೆಕ್ಕೆಯ ಉದ್ದಕ್ಕೂ ಗೆರೆ ಬೀಳುತ್ತದೆ.

ಪೆಟ್ಟಿಗೆಯ ಬದಿ ಉದ್ದ ಸಾಲುವುದಿಲ್ಲ ಅಂತ ಚಿಂತೆ ಬೇಡ. 25 ಸೆಂ.ಮೀ. ತುಂಡು ನಾಲ್ಕು ಮಾಡು, ಹೇಗೂ ರೆಕ್ಕೆಯನ್ನು ಮುರಿದು ಮೇಲೆತ್ತಬೇಕು. ರೆಕ್ಕೆಯಲ್ಲಿ ಏಲೆರಾನ್ (ಅಲುಗಾಡುವ ಪಟ್ಟಿ) ಇಲ್ಲದೆ ರಡ್ಡರ್‌ನಲ್ಲೇ ತಿರುಗಿಸುವ ವಿಮಾನಕ್ಕೆ ಇದು ಬೇಕೇ ಬೇಕು. ಒಳಗಿನ ತುಂಡು 5 ಡಿಗ್ರಿ, ಹೊರಗಿನದು ಅದರ ಮೇಲೆ ಇನ್ನೂ 7. ಮೇಜಿನ ಮೇಲೆ ಇಟ್ಟರೆ ತುದಿ ಬುಡಕ್ಕಿಂತ ಸುಮಾರು 7 ಸೆಂ.ಮೀ. ಎತ್ತರ ಇರಬೇಕು, ಎರಡೂ ಕಡೆ ಒಂದೇ. ಪ್ರತಿ ತುಂಡಿನ ಅತಿ ದಪ್ಪ ಜಾಗದಲ್ಲಿ 3 ಮಿ.ಮೀ. ಕಾರ್ಬನ್ ಕಡ್ಡಿ ಹುದುಗಿಸು. ಒಂದು ಮೀಟರಿಗೆ 11 ಗ್ರಾಂ ಆಗುತ್ತದೆ. ಕಡ್ಡಿ ಬಗ್ಗುವುದಿಲ್ಲವಲ್ಲ, ಸೇರುವ ಕಡೆ ಗ್ಲಾಸ್ ಬಟ್ಟೆ ಮತ್ತು ಎಪಾಕ್ಸಿಯ ಪಟ್ಟಿ, ಮೇಲೂ ಕೆಳಗೂ.

ಪೆಗ್ ಕಡೆಯ ಎಳೆತ ನೆನಪಿದೆಯಲ್ಲ, 6 ಕಿಲೋ. ಅದನ್ನು ತಾಳುವುದು ಥರ್ಮೋಕೋಲ್ ಅಲ್ಲ. ಎಳೆ ಇರುವ ಸ್ಟ್ರಾಪಿಂಗ್ ಟೇಪನ್ನು ತುದಿಯಿಂದ ಬುಡದ ತನಕ ಒಂದೇ ಪಟ್ಟಿಯಾಗಿ ಎರಡೂ ಮುಖಕ್ಕೆ ಎಳೆ. ಆಮೇಲೆ ಇಡೀ ರೆಕ್ಕೆಗೆ ಪ್ಯಾಕಿಂಗ್ ಟೇಪ್. ತಳಕ್ಕೆ ಗಾಢ ಬಣ್ಣದ್ದು, ಬಿಳಿ ರೆಕ್ಕೆ ಮೋಡದ ಎದುರು ಮಾಯ ಆಗುತ್ತದೆ.

ನೆಟ್ಟಗೆ_ಹಾರು, ಕಾರವಾರ

ಬಾಲದ ಫಿನ್ (ನಿಂತ ಹಲಗೆ) ಮೇಲಕ್ಕೆ ಮಾತ್ರ ಇಟ್ಟರೆ ಸಾಕಲ್ವಾ? ಕೆಳಗೂ ಇಟ್ಟರೆ ಇಳಿಯುವಾಗ ಮುರಿಯುತ್ತದೆ.

ಹಳೇ_ಕೆಡೆಟ್, ಕುಮಟಾ

ಕೈ ಬಿಟ್ಟ ಗಳಿಗೆಯಲ್ಲಿ ವಿಮಾನ ಇನ್ನೂ ಗಿರಗಿರ ತಿರುಗುವ ಮನಸ್ಸಿನಲ್ಲೇ ಇರುತ್ತದೆ. ಅದನ್ನು ತಡೆದು ನೆಟ್ಟಗೆ ಮಾಡುವುದು ಫಿನ್. ಆಗ ಅದರ ಮೇಲೆ ಪಕ್ಕದಿಂದ ಜೋರು ಗಾಳಿ ಬಡಿಯುತ್ತದೆ. ಫಿನ್ ಪೂರ್ತಿ ಮೇಲೆ ಇದ್ದರೆ ಆ ಬಡಿತ ಬೂಮನ್ನು ತಿರುಚುತ್ತದೆ. ಅರ್ಧ ಮೇಲೆ ಅರ್ಧ ಕೆಳಗೆ ಇದ್ದರೆ ತಿರುಚು ಒಂದಕ್ಕೊಂದು ವಜಾ. ಬೂಮ್ ಮೆತ್ತಗಿದ್ದರೆ ಬಿಟ್ಟ ಮೇಲೆ ನಾಯಿ ಬಾಲದ ಹಾಗೆ ಅಲ್ಲಾಡುತ್ತಾ ಹೋಗುತ್ತದೆ, ಎತ್ತರ ಅಲ್ಲೇ ಅರ್ಧ ಖರ್ಚು.

ನಾನು ಹೇಳುವುದು ಮೇಲೆ 60, ಕೆಳಗೆ 40. ಒಟ್ಟು ಹರವು 75-80 ಚದರ ಸೆಂ.ಮೀ. ಎಲಿವೇಟರ್ ಸೇರಿದ ಅಡ್ಡ ಬಾಲ 28 ಸೆಂ.ಮೀ. ಉದ್ದ, 5.5 ಅಗಲ. ಬಾಲ್ಸಾದ ಎಳೆ ಫಿನ್‌ನಲ್ಲಿ ನಿಂತ ದಿಕ್ಕಿಗೆ ಇರಲಿ. ಮುರಿಯುವುದು ಹುಲ್ಲಿನ ಕೂಳೆಗೆ, ಅದಕ್ಕೆ ಕೈಯಲ್ಲೇ ಹಿಡಿಯಲು ಕಲಿ. ಸ್ಪರ್ಧೆಯವರು ನೆಲಕ್ಕೆ ಇಳಿಸುವುದೇ ಕಡಿಮೆ, ಹಿಡಿದು ಅದೇ ತಿರುಗಿನಲ್ಲಿ ಮತ್ತೆ ಎಸೆಯುತ್ತಾರೆ.

ಬೇಣದ_ಮಾಣಿ, ಶಿರಸಿ

ತೂಕದ ಪಟ್ಟಿ ಹಾಕುತ್ತೇನೆ, ತಪ್ಪಿದ್ದರೆ ಹೇಳಿ. ರೆಕ್ಕೆ 66 ಗ್ರಾಂ, ಗಾಳದ ಕೋಲಿನ ಬೂಮ್ 17, ಬಾಲ ಎರಡೂ ಸೇರಿ 7, ಮೂತಿಯ ಡಬ್ಬ 13, ಸರ್ವೋ ಎರಡು 11, ರಿಸೀವರ್ 15, ಬ್ಯಾಟರಿ ಮತ್ತು ರೆಗ್ಯುಲೇಟರ್ 27, ದಾರ, ಸ್ಪ್ರಿಂಗ್, ಪೆಗ್ ಎಲ್ಲ ಸೇರಿ 4. ಸೀಸ ಇಲ್ಲದೆ 160. ಬಲೆಯ ಸೀಸ 9 ಗ್ರಾಂ ಹಾಕಿದಾಗ ಮುಂದಿನ ಅಂಚಿನಿಂದ 42 ಮಿ.ಮೀ.ಗೆ ಸಮ ನಿಂತಿತು.

ಹಳೇ_ಕೆಡೆಟ್, ಕುಮಟಾ

169! ಬಾಲ 7 ಗ್ರಾಂ ಅಂದದ್ದು ನೋಡಿ ಖುಷಿಯಾಯಿತು. ಸೀಸ 9ರಲ್ಲೇ ಮುಗಿದದ್ದು ಅದಕ್ಕೇ. 42 ಅಂದರೆ ಸರಾಸರಿ ಅಗಲದ 29%, ಶುರುವಿಗೆ ಸರಿ.

ಇನ್ನೊಂದು ತೂಗಿ ನೋಡು. ವಿಮಾನವನ್ನು ಮೂತಿ ಮತ್ತು ಬಾಲದಲ್ಲಿ ಹಿಡಿದು ಎತ್ತು. ಪೆಗ್ ಇರುವ ರೆಕ್ಕೆ ಕೆಳಗೆ ವಾಲುತ್ತದೆ, ಟೇಪು ಎಪಾಕ್ಸಿ ಎಲ್ಲ ಆ ಕಡೆ ಜಾಸ್ತಿ ಅಲ್ವಾ. ಇನ್ನೊಂದು ತುದಿಗೆ ಸೀಸದ ಚೂರು ಹಾಕಿ ಸಮ ಮಾಡು.

ಕಾಳಿ_ದಂಡೆ, ಕಾರವಾರ

ಚೆನ್ನಾಗಿದೆ ಮಾಣಿ. ಈಗ ತಿರುಗಿ ಎಸೆಯುವ ಅವಸರ ಮಾಡಬೇಡ. ಮೊದಲು ಬೇಣದ ಇಳಿಜಾರಿನಲ್ಲಿ ಗಾಳಿಗೆ ಎದುರು, ಬೂಮ್ ಹಿಡಿದು, ಭರ್ಜಿಯ ಹಾಗೆ ನೆಟ್ಟಗೆ ತಳ್ಳು. ಮೂತಿ ಎತ್ತಬಾರದು. ಮೇಲೆದ್ದು ನಿಂತು ಬಿದ್ದರೆ ಎಲಿವೇಟರ್ ಒಂದು ಕ್ಲಿಕ್ ಕೆಳಗೆ. ನೇರ ನೆಲಕ್ಕೆ ಹೋದರೆ ಮೇಲೆ. ಹೀಗೆ ನೆಟ್ಟಗೆ ಹೋಗುವ ತನಕ.

ಆಮೇಲೆ ಅರ್ಧ ಸುತ್ತು, ಅರ್ಧ ಶಕ್ತಿ. ಎಸೆತ ತೋಳಿನ ಬಲದ್ದಲ್ಲ, ಸೊಂಟ ತಿರುಗಬೇಕು, ಕೈ ಚಾಚಿ ಸಡಿಲ ಇರಬೇಕು. ಬಿಡುವಾಗ ರೆಕ್ಕೆ ಮಟ್ಟಸ ಇದ್ದು ಮೂತಿ ಸ್ವಲ್ಪ ಮೇಲೆ. ಎಡ ಹೆಬ್ಬೆರಳು ರಿಮೋಟಿನ ಮೇಲೆ ಇದ್ದೇ ಇರಲಿ. ಮೇಲಕ್ಕೆ ಹೋಗುವಾಗ ವೇಗ ಪೂರ್ತಿ ಮುಗಿಯುವ ಮೊದಲೇ ಎಲಿವೇಟರ್ ಕೆಳಗೆ ಒತ್ತಿ ಮಟ್ಟ ಮಾಡು. ತಡ ಮಾಡಿದರೆ ಬಾಲ ಕೆಳಗಾಗಿ ಜಾರುತ್ತದೆ, ಗಳಿಸಿದ ಎತ್ತರದಲ್ಲಿ ನಾಲ್ಕೈದು ಮೀಟರ್ ಹೋಯಿತು. ರಿಮೋಟಿನಲ್ಲಿ ಒಂದು ಸ್ವಿಚ್ಚಿಗೆ ಎಸೆತದ ಟ್ರಿಮ್ ಕೂರಿಸಿಕೊ.

ಮತ್ತೆ, ಸುತ್ತ ಹತ್ತು ಹೆಜ್ಜೆಯಲ್ಲಿ ಯಾರೂ ನಿಲ್ಲಬಾರದು. ದನವೂ.

ಬೇಣದ_ಮಾಣಿ, ಶಿರಸಿ

ಒಂದು ಸಮಸ್ಯೆ. ನನ್ನ ತಂಗಿಯೂ ಎಸೆಯುತ್ತಾಳಂತೆ, ಅವಳು ಎಡಚಿ. ಪೆಗ್ ನಾನು ಎಡ ರೆಕ್ಕೆಗೆ ಹಾಕಿದ್ದೇನೆ.

ಘಟ್ಟದ_ಗಾಳಿ, ಸಿದ್ದಾಪುರ

ಬಲಗೈಯವರಿಗೆ ಎಡ ರೆಕ್ಕೆ, ಎಡಗೈಯವರಿಗೆ ಬಲ ರೆಕ್ಕೆ. ಬಲ ತುದಿಗೂ ಟೇಪಿನ ಪಟ್ಟಿ ಎಳೆದು ಇನ್ನೊಂದು ಪೆಗ್ ಹಾಕಿಬಿಡು. ತೂಕ ಸಮ ಮಾಡಲು ಸೀಸ ಹಾಕಬೇಕು ಅಂದರಲ್ಲ, ಆ ಸೀಸದ ಜಾಗಕ್ಕೆ ಪೆಗ್ ಆಯಿತು. ಎಸೆತದ ಟ್ರಿಮ್‌ನಲ್ಲಿ ರಡ್ಡರ್ ಏನಾದರೂ ಕೊಟ್ಟಿದ್ದರೆ ಅವಳಿಗೆ ಉಲ್ಟಾ ಬೇಕಾಗುತ್ತದೆ, ಇನ್ನೊಂದು ಸ್ವಿಚ್ ಇಡು.

ವಿಮಾನದ ಮೇಲೆ ನಿನ್ನ ಫೋನ್ ನಂಬರ್ ಬರೆದೆಯಾ? ಥರ್ಮಲ್ ಸಿಕ್ಕರೆ ಪಕ್ಕದ ಊರಿನ ತೋಟಕ್ಕೇ ಹೋಗುತ್ತದೆ.

ನೆಟ್ಟಗೆ_ಹಾರು, ಕಾರವಾರ

ಬೇಣದ ಮಾಣಿ, ನೀವು ಮಾಡಿದ ಸನ್‌ಮೈಕಾ ಅಚ್ಚು ಕೆಲಸ ಮುಗಿದ ಮೇಲೆ ಸಿಗಬಹುದಾ? ನನ್ನದು ಮೂರೂ ಸಲ ಅಂಚು ಕಿತ್ತು ಬಂತು.

ಬೇಣದ_ಮಾಣಿ, ಶಿರಸಿ

ಧಾರಾಳ. ನಾಳೆ ಕಾರವಾರದ ಬಸ್ಸಿಗೆ ಕಟ್ಟಿ ಹಾಕುತ್ತೇನೆ, ಬುಡದ್ದು ತುದಿಯದ್ದು ಎರಡೂ. ಉಳಿದ ನೈಕ್ರೋಮ್ ತಂತಿಯೂ ಅದರಲ್ಲೇ ಇದೆ. ಬದಲಿಗೆ ಎರಡು ಹೊಸ ಪೆಟ್ಟಿಗೆ ಭಾವನ ಹತ್ತಿರ ಕೊಟ್ಟಿಡಿ. ತಂಗಿಗೆ ಅವಳದ್ದೇ ಒಂದು ಬೇಕಂತೆ.